ಹಾಡಿನ ನಡುವಿನ ಉಸಿರು

ಆ ಬೀದಿಯ ಮಕ್ಕಳು ಕನ್ನಡಕದ ಅಂಗಡಿಯವರಿಗೆ ಇಟ್ಟ ಹೆಸರು ‘ಇದೋ-ಅದೋ’. ಕಣ್ಣು ತೋರಿಸಲು ಬಂದವರ ಮೂಗಿನ ಮೇಲೆ ದಪ್ಪ ಚೌಕಟ್ಟು ಏರಿಸಿ, ಗಾಜು ಬದಲಿಸುತ್ತ ಬದಲಿಸುತ್ತ ಅವರು ಕೇಳುವುದು ಅಷ್ಟೇ. ಇದು ಚೆನ್ನಾಗಿದೆಯೋ, ಅದೋ? ಯಾವ ಗಾಜು ಯಾವುದೆಂದು ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಡುವವರಲ್ಲ.

ಮನೆಯಲ್ಲಿ ಅವರಿಗಿದ್ದ ಹುಚ್ಚು ಒಂದೇ, ರೆಕಾರ್ಡು ಕೇಳುವುದು. ಮದುವೆಯ ಹೊಸತರಲ್ಲಿ ಕೊಂಡ ಪ್ಲೇಯರನ್ನು ಹೆಂಡತಿ ಒರೆಸಹೋದರೂ ಹೌಹಾರುತ್ತಿದ್ದರು. ಅವರ ಪ್ರೀತಿಯ ಹಾಡೊಂದಿತ್ತು. ಎರಡನೇ ಚರಣಕ್ಕೆ ಮುಂಚೆ ಗಾಯಕಿ ಸಣ್ಣಗೆ ಉಸಿರೆಳೆದುಕೊಳ್ಳುತ್ತಾಳೆ. ನಿಜ ಹೇಳಬೇಕೆಂದರೆ ಅವರಿಗೆ ಹಾಡಿಗಿಂತ ಆ ಉಸಿರೇ ಇಷ್ಟ. ಅದು ಕಿವಿಗೆ ಬಿದ್ದರೆ ಹಾಡುವವಳು ಇದೇ ಕೋಣೆಯಲ್ಲಿ ನಿಂತಿದ್ದಾಳೆ ಅನ್ನಿಸುತ್ತಿತ್ತು. ಈಚೆಗೆ ಆ ಉಸಿರೇ ಕಾಣೆಯಾಗಿತ್ತು.

ತಲೆಗೆ ಹುಳ ಹೊಕ್ಕ ಮೇಲೆ ಕೇಳಬೇಕೆ? ರೆಕಾರ್ಡು ತೊಳೆದರು. ಮುಳ್ಳು ಬದಲಿಸಿದರು, ಬೆಲ್ಟು ಬದಲಿಸಿದರು, ಪ್ಲೇಯರಿನ ಕಾಲಡಿ ರಟ್ಟು ಮಡಿಸಿಟ್ಟು ಮಟ್ಟ ನೋಡಿದರು. ಊಹೂಂ. ಪ್ಲೇಯರಿಗೆ ವಯಸ್ಸಾಯಿತು, ಹೊಸದು ತರಬೇಕು ಎಂದು ಹೆಂಡತಿಯ ಮುಂದೆ ತೀರ್ಪು ಕೊಟ್ಟರು. ಪ್ಲೇಯರು ಮಾರುವ ಅಂಗಡಿಯವನು ಪರಿಚಯದವನು, ಮನೆಗೆ ಒಯ್ದು ಕೇಳಿ ನೋಡಿ, ಹಿಡಿಸಿದರೆ ಇಟ್ಟುಕೊಳ್ಳಿ ಎಂದು ಹೊಸದೊಂದನ್ನು ಕೊಟ್ಟು ಕಳಿಸಿದ.

ಬೇರೆಯವರಾಗಿದ್ದರೆ ಹೊಸದನ್ನು ಹಾಕಿ, ಆಹಾ ಓಹೋ ಅಂದು ಮುಗಿಸುತ್ತಿದ್ದರು. ಇವರು ಬಿಡಬೇಕಲ್ಲ! ಹೊಸದು ಯಾವುದೆಂದು ಗೊತ್ತಿದ್ದರೆ ಮನಸ್ಸು ಅದರ ಕಡೆಗೇ ವಾಲುತ್ತದೆ, ತಮ್ಮ ಅಂಗಡಿಯಲ್ಲಿ ದಿನಾ ನೋಡುವ ಸಂಗತಿ. ಅದಕ್ಕೇ ಎರಡೂ ಪ್ಲೇಯರುಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಸ್ಪೀಕರಿಗೆ ಜೋಡಿಸಿ, ತಾವು ಗೋಡೆ ಕಡೆ ಮುಖ ಮಾಡಿ ಕೂತರು. ಒಂದಾದ ಮೇಲೊಂದು ಹಾಕಬೇಕು, ಯಾವುದೆಂದು ಹೇಳಕೂಡದು ಎಂದು ಹೆಂಡತಿಗೆ ಅಪ್ಪಣೆಯಾಯಿತು.

ಮೊದಲನೆಯದಕ್ಕೆ ಮೂಗು ಮುರಿದರು. ಎರಡನೆಯದಕ್ಕೆ ಬೆನ್ನು ನೆಟ್ಟಗಾಯಿತು, ಕೈಬೆರಳು ತಾಳ ಹಾಕತೊಡಗಿತು.

“ಇದೇ ಹೊಸದು. ಎಷ್ಟು ಸ್ಪಷ್ಟವಾಗಿದೆ ನೋಡು.”

“ಉಸಿರು ಕೇಳಿಸ್ತಾ?”

ಅದಿನ್ನೂ ಸರಿಯಾಗಿಲ್ಲ, ಹೊಸ ಮುಳ್ಳು ಪಳಗಬೇಕು ಎಂದು ಇವರು ತೇಲಿಸಿದರು.

“ರೀ, ಎರಡು ಸಲಾನೂ ಹಳೇದನ್ನೇ ಹಾಕಿದ್ದು ನಾನು.”

ಗೆಳೆಯನಿಗೆ ಕನ್ನಡಕ ಬಂತೆಂದು ತನಗೂ ಬೇಕೆನ್ನುವ ಮಕ್ಕಳಿಗೆ ಇವರು ನಂಬರೇ ಇಲ್ಲದ ಗಾಜು ಹಾಕುತ್ತಾರೆ. ಈಗ ಚೆನ್ನಾಗಿ ಕಾಣುತ್ತೆ ಅಂದ ಮಗು ಸಿಕ್ಕಿಬಿದ್ದ ಹಾಗೇ. ಗಂಡನ ವಿದ್ಯೆಯನ್ನು ಹೆಂಡತಿ ಗಂಡನ ಮೇಲೇ ತಿರುಗಿಸಿದ್ದಳು! ಇವರಿಗೆ ಸಿಟ್ಟು ಬಂತು, ಅದರ ಹಿಂದೆಯೇ ನಗು ಬಂತು. ನಗು ಅರ್ಧಕ್ಕೇ ನಿಂತಿತು.

“ಹಾಗಾದ್ರೆ ಉಸಿರು?”

“ಇತ್ತು. ಎರಡು ಸಲಾನೂ ಇತ್ತು.”

ಪತ್ರಿಕೆಯವರು ಈಗ ಅಕ್ಷರ ಸರಿಯಾಗಿ ಅಚ್ಚು ಹಾಕುವುದಿಲ್ಲ ಎಂದು ದೂರುತ್ತ ಎಷ್ಟು ಜನ ಅವರ ಅಂಗಡಿಯ ಮೆಟ್ಟಿಲು ಹತ್ತಿಲ್ಲ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಂಥವರ ಬೆನ್ನ ಹಿಂದೆ ಇವರೇ ನಕ್ಕಿದ್ದರು. ಈಗ ಕಿವಿ ತಮ್ಮದು. ಅವರಿಗೆ ಭಯವಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಅಷ್ಟು ಆಸೆಯಿಂದ ಮುಳ್ಳು ಬದಲಿಸುತ್ತಿದ್ದಿರಿ, ಮನಸ್ಸು ಬರಲಿಲ್ಲ ಅಂದಳು ಆಕೆ.

ಆದರೂ ಪರೀಕ್ಷೆ ಅರ್ಧಕ್ಕೆ ಬಿಡುವ ಜಾಯಮಾನ ಅವರದಲ್ಲ. ಹೊಸ ಪ್ಲೇಯರಿನಲ್ಲೂ ಒಮ್ಮೆ ಹಾಕಿಸಿದರು. ಈ ಸಲ ಸ್ಪೀಕರಿನ ಮುಂದೆಯೇ ಮಂಡಿಯೂರಿ ಕೂತರು. ಮೊದಲ ಚರಣ ಮುಗಿಯಿತು. ಹೆಂಡತಿ ಬೆರಳೆತ್ತಿ ಸನ್ನೆ ಮಾಡಿದಳು. ಅವರು ಆ ಬೆರಳನ್ನು ನೋಡಿದರು, ಅಷ್ಟೇ. ಎರಡನೇ ಚರಣ ಶುರುವಾಗಿಯೇಬಿಟ್ಟಿತು.

ಹೊಸದನ್ನು ಪೆಟ್ಟಿಗೆಯೊಳಗೆ ಜೋಪಾನವಾಗಿ ಇಟ್ಟರು. ನಾಳೆ ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದು ತಾವೇ ಅಂದರು. ಪೆಟ್ಟಿಗೆಗೆ ಟೇಪು ಅಂಟಿಸುತ್ತ ಕೂತವರಿಗೆ ಏನನ್ನಿಸಿತೋ, ತಲೆಯೆತ್ತಿ ಕೇಳಿದರು.

“ಹೇಗಿತ್ತು ಅದು?”

ಹೆಂಡತಿಗೆ ಮಾತಿನಲ್ಲಿ ಹೇಳಲು ಬರಲಿಲ್ಲ. ಪಕ್ಕದಲ್ಲಿ ಬಂದು ಕೂತು, ಅವರ ಕಿವಿಗೆ ಬಾಯಿ ತಾಗುವಷ್ಟು ಹತ್ತಿರ ಬಾಗಿ, ಗಾಯಕಿಯಂತೆಯೇ ಸಣ್ಣಗೆ ಒಮ್ಮೆ ಉಸಿರೆಳೆದುಕೊಂಡಳು. ಅದು ಅವರಿಗೆ ಕೇಳಿಸಿತು.