ಮೂರನೇ ನಂಬರಿನ ಪಿಸ್ತೂಲು

ಮಂಗಳವಾರ, ಬೆಳಿಗ್ಗೆ ಒಂಬತ್ತೂ ಕಾಲು. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಹೊಲಿಗೆ ಯಂತ್ರ ಸರಿಮಾಡಲು ಬಂದಿದ್ದ ಮಿಸ್ತ್ರಿ. ಆತ ಯಂತ್ರವನ್ನು ಮಗುಚಿ ಎಣ್ಣೆಡಬ್ಬಿಯ ತಳ ಒತ್ತಿದ. ಆ ತೆಳು ಎಣ್ಣೆಯ ವಾಸನೆ ಊಟದ ಮೇಜಿನವರೆಗೂ ಬಂತು. ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟೆ.

ನಲವತ್ತು ವರ್ಷಗಳಿಗೂ ಹಿಂದೆ, ಹೂಗ್ಲಿ ನದಿಯ ದಡದಲ್ಲಿ, ಖಿದಿರ್‌ಪುರ ದಾಟಿ ಗಾರ್ಡನ್ ರೀಚ್ ಕಡೆ ಹೋಗುವ ರಸ್ತೆಯಲ್ಲಿ ಸೈನ್ಯದ ಆಯುಧಗಳನ್ನು ಪರೀಕ್ಷಿಸುವ ನಮ್ಮ ಇಲಾಖೆಯ ಒಂದು ಉದ್ದನೆಯ ತಗಡಿನ ಷೆಡ್ಡಿತ್ತು. ಅಲ್ಲಿ ದಿನವೂ ಇದೇ ವಾಸನೆ. ಆ ವಾಸನೆಯ ನಡುವೆ ಒಂದು ಮರದ ಸ್ಟೂಲು, ಸ್ಟೂಲಿನ ಮೇಲೆ ಹವಾಲ್ದಾರರು.

ಅವರು ಸೈನ್ಯದಲ್ಲಿ ಆಯುಧ ರಿಪೇರಿಯ ಹವಾಲ್ದಾರರಾಗಿದ್ದು ನಿವೃತ್ತರಾದ ಮೇಲೆ ನಮ್ಮಲ್ಲಿ ಪರೀಕ್ಷಕರಾಗಿ ಸೇರಿದ್ದರು. ಹುದ್ದೆ ಬದಲಾದರೂ ಎಲ್ಲರ ಬಾಯಲ್ಲಿ ಹವಾಲ್ದಾರರಾಗಿಯೇ ಉಳಿದರು. ಬೆಳಗಾವಿ ಕಡೆಯವರು. ನಾನು ಮೈಸೂರಿನಿಂದ ಬಂದ ಇಪ್ಪತ್ತೇಳರ ಕಿರಿಯ ಪರೀಕ್ಷಕ. ಷೆಡ್ಡಿನಲ್ಲಿ ಕನ್ನಡ ಮಾತನಾಡುವವರು ನಾವಿಬ್ಬರೇ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ, ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಭಾನುವಾರ ಮಧ್ಯಾಹ್ನ ಅವರ ಕ್ವಾರ್ಟರ್ಸಿನಲ್ಲಿ ನನಗೆ ಊಟ. ಊರಿಂದ ರೈಲಿನಲ್ಲಿ ಬಂದ ಜೋಳದ ಹಿಟ್ಟಿನ ರೊಟ್ಟಿ, ಶೇಂಗಾ ಚಟ್ನಿ. ಮೂರನೇ ರೊಟ್ಟಿಗೆ ನಾನು ಸಾಕೆಂದರೆ ಅವರ ಮನೆಯಾಕೆ ಗಂಡನ ಮುಖ ನೋಡುತ್ತಿದ್ದರು, ಅವರು ತಲೆಯಾಡಿಸುತ್ತಿದ್ದರು, ನಾಲ್ಕನೆಯದು ತಟ್ಟೆಗೆ ಬೀಳುತ್ತಿತ್ತು.

ಆ ವರ್ಷ ನಮಗೊಂದು ದೊಡ್ಡ ಕೆಲಸ ಬಂತು. ಸೈನ್ಯಕ್ಕೆ ಹೊಸ ಪಿಸ್ತೂಲು ಆರಿಸಬೇಕಿತ್ತು. ನಾಲ್ಕು ಕಡೆ ತಯಾರಾದ ನಾಲ್ಕು ಮಾದರಿಗಳು ಬಂದವು. ತಯಾರಕರ ಹೆಸರು ಕಾಣದಂತೆ ಟೇಪು ಸುತ್ತಿ, ಬಿಳಿ ಬಣ್ಣದಲ್ಲಿ ಒಂದರಿಂದ ನಾಲ್ಕರವರೆಗೆ ನಂಬರು ಬರೆದಿದ್ದೆವು. ಶಿಫಾರಸಿಗೆ ಸಹಿ ಹಾಕುವವರು ಕರ್ನಲ್ ಸಾಹೇಬರು. ಪರೀಕ್ಷೆ ನಡೆಸುವವರು ಹವಾಲ್ದಾರರು.

ಅವರಿಗೆ ಮೂರನೇ ನಂಬರಿನ ಮೇಲೆ ಮನಸ್ಸಿತ್ತು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಅದರ ಹಿಡಿ ತೆಳ್ಳಗಿತ್ತು. ಅವರ ಹತ್ತಿರ ಒಂದು ರೂಲು ಹಾಕದ ಪುಸ್ತಕವಿತ್ತು. ಷೆಡ್ಡಿಗೆ ಯಾವ ಸಿಪಾಯಿ ಬಂದರೂ, ಲಾರಿ ಡ್ರೈವರನಾಗಲಿ, ಕಾವಲಿನವನಾಗಲಿ, ಅವನ ಬಲಗೈಯನ್ನು ಹಾಳೆಯ ಮೇಲೆ ಇಡಿಸಿ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುತ್ತಿದ್ದರು. ಗೂರ್ಖಾ, ತಮಿಳಿನವ, ಗಢವಾಲಿ... ಪುಟ ಪುಟದ ತುಂಬ ಅಂಗೈಗಳು. ಬಹಳಷ್ಟು ಸಣ್ಣ ಕೈಗಳು. ಮೊದಲ ಸಲ ಅದನ್ನು ನೋಡಿ ನಾನು ನಕ್ಕಿದ್ದೆ. ಆಗ ಅವರು ನಿಧಾನವಾಗಿ ಒಂದು ಸಂಗತಿ ಹೇಳಿದರು. ಯುದ್ಧದ ಸಮಯದಲ್ಲಿ ಒಬ್ಬ ಡ್ರೈವರ್ ಹುಡುಗನಿಗೆ ಇವರೇ ಪಿಸ್ತೂಲು ಕೊಟ್ಟು ಕಳಿಸಿದ್ದರಂತೆ. ಹಿಡಿ ದಪ್ಪ, ಬೆರಳು ಟ್ರಿಗರಿಗೆ ಸರಿಯಾಗಿ ಎಟುಕುತ್ತಿಲ್ಲ ಎಂದು ಆತ ಹೇಳಿದ್ದನಂತೆ. ರೂಢಿಯಾಗುತ್ತದೆ ಹೋಗು ಎಂದಿದ್ದರಂತೆ ಇವರು. ಪಿಸ್ತೂಲು ವಾಪಸು ಬಂತು, ಒಂದು ಗುಂಡೂ ಖರ್ಚಾಗಿರಲಿಲ್ಲ. ಹುಡುಗ ಬರಲಿಲ್ಲ... ಅಷ್ಟು ಹೇಳಿ ಪುಸ್ತಕ ಮುಚ್ಚಿದ್ದರು.

ಕೊನೆಯ ಪರೀಕ್ಷೆ ಕೆಸರಿನದು. ಅದಕ್ಕೆ ಅವರಿಗೆ ಹೂಗ್ಲಿಯ ದಡದ ಜಿಗಟು ಮಣ್ಣೇ ಆಗಬೇಕು. ದುರ್ಗೆಯ ಮೂರ್ತಿ ಮಾಡುವವರು ಒಯ್ಯುವಂಥ ನುಣ್ಣನೆಯ ಮಣ್ಣು. ನಾಲ್ಕೂ ಪಿಸ್ತೂಲನ್ನು ಅದರಲ್ಲಿ ಅದ್ದಿ ತೆಗೆದು, ಹಾಗೆಯೇ ಒಣಗಲು ಬಿಟ್ಟು, ಮರುದಿನ ಬೆಳಿಗ್ಗೆ ಎರಡು ಸಲ ಕೊಡವಿ ಹತ್ತು ಗುಂಡು ಹಾರಿಸಬೇಕು. ನಡುವೆ ಒರೆಸುವಂತಿಲ್ಲ.

ಸಂಜೆ ಆಯುಧಗಳನ್ನು ಕೋಣೆಗೆ ಸೇರಿಸಿ ಬೀಗ ಹಾಕುವುದು ನನ್ನ ಪಾಳಿ. ಕೊಳೆಯಾದ ಆಯುಧ ಆ ಕೋಣೆಗೆ ಹೋಗಕೂಡದೆಂಬುದು ನನಗೆ ಮೊದಲ ದಿನದಿಂದ ಕಲಿಸಿದ ನಿಯಮ. ಬಿಚ್ಚು, ಒರೆಸು, ಎಣ್ಣೆ ಹಾಕು, ಜೋಡಿಸು, ಇಡು. ಕೈ ತಾನಾಗಿಯೇ ಮಾಡುತ್ತಿತ್ತು. ಕೆಸರಿನ ಸಮೇತ ಇಡಬೇಕಿದ್ದ ಆ ಸಂಜೆಯೂ ಮಾಡಿತು. ಕೈಗೆ ಮೊದಲು ಸಿಕ್ಕ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡು ಬಿಚ್ಚಿ, ಒಳಗೆಲ್ಲ ಒರೆಸಿ, ಎಣ್ಣೆ ಬಿಟ್ಟು ಜೋಡಿಸಿದ ಮೇಲೆ ಪಕ್ಕದಲ್ಲಿ ಕೆಸರು ಮೆತ್ತಿಕೊಂಡು ಕೂತಿದ್ದ ಉಳಿದ ಮೂರನ್ನು ಕಂಡೆ. ನನ್ನ ಕೈಯಲ್ಲಿದ್ದದ್ದು ಮೂರನೇ ನಂಬರು.

ತಪ್ಪು ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯಬೇಕಿರಲಿಲ್ಲ. ನಾನು ಬಕೆಟ್ಟಿನ ಕೆಸರು ತೆಗೆದು ಅದರ ಹೊರಮೈಗೆ ಬಳಿದೆ. ಬೀಗ ಹಾಕಿ ಟ್ರಾಮು ಹಿಡಿದೆ.

ಬೆಳಿಗ್ಗೆ ಎಂಟಕ್ಕೆ ಕರ್ನಲ್ ಸಾಹೇಬರ ಎದುರು ಹವಾಲ್ದಾರರು ಗುಂಡು ಹಾರಿಸಿದರು. ಎರಡನೆಯದು, ನಾಲ್ಕನೆಯದು ಅರ್ಧಕ್ಕೇ ನಿಂತವು. ಒಂದನೆಯದು ಎಂಟು ಹಾರಿಸಿತು. ಮೂರನೆಯದು ಹತ್ತಕ್ಕೆ ಹತ್ತು. ಹವಾಲ್ದಾರರ ಮುಖವನ್ನು ನಾನು ನೋಡಲಾರದೆ ಹೋದೆ. ಹನ್ನೊಂದಕ್ಕೆ ಸಹಿ ಎಂದು ಹೇಳಿ ಕರ್ನಲ್ ತಮ್ಮ ಕೋಣೆಗೆ ಹೋದರು.

ಚಹಾ ಬಂತು. ಅಲ್ಲಿಯವರು ಭಾಂಡ ಎನ್ನುವ ಪುಟ್ಟ ಮಣ್ಣಿನ ಲೋಟ ನನ್ನ ಕೈಯಲ್ಲಿ ಹಾಗೆಯೇ ಇತ್ತು.

"ಏ ಮೈಸೂರ್, ಚಾ ಆರಾಕತ್ತೇತಿ. ಕುಡಿಯೋ ಮಾರಾಯಾ. ನಮ್ಮ ಮೂರನೇ ನಂಬರ್ ಹುಡುಗಿ ಪಾಸಾಗ್ಯಾಳ, ನೀ ಯಾಕ ಮಾರಿ ಸಣ್ಣ ಮಾಡಿ?"

"ಹವಾಲ್ದಾರ್ ಸಾಹೇಬ್ರೆ, ನಿನ್ನೆ ಸಂಜೆ ಮೂರನೇದನ್ನ ಬಿಚ್ಚಿ ಒರೆಸಿಬಿಟ್ಟೆ. ಅಭ್ಯಾಸಬಲ. ಆಮೇಲೆ ಮೇಲೆ ಕೆಸರು ಬಳಿದೆ."

ಅವರು ಭಾಂಡ ಕೆಳಗಿಟ್ಟರು. "ಎಣ್ಣಿ?"

"ಎರಡು ಹನಿ."

"ಎರಡು ಹನಿ." ಮೇಜಿನ ಮೇಲಿದ್ದ ಮೂರನೆಯದರ ಕಡೆ ನೋಡಿದರು. ಆಮೇಲೆ ಅವರಿಗೆ ಹೇಗೋ ನಗು ಬಂತು. "ಮೈಸೂರ್ ಪಾಕ್ ತಿಂದ ಕೈ ನೋಡು. ಬಂದೂಕಿಗೂ ತುಪ್ಪಾ ಹಚ್ಚೇತಿ."

ನಾನು ನಗಲಿಲ್ಲ. ಆಗ ಹೇಳಬಾರದ ಮಾತೊಂದನ್ನು ಹೇಳಿದೆ. "ನಿಮಗೂ ಅದೇ ಬೇಕಾಗಿತ್ತಲ್ಲ ಸಾಹೇಬ್ರೆ. ಯಾರಿಗೂ ಗೊತ್ತಿಲ್ಲ..."

ಅವರು ಕೋಪಿಸಿಕೊಳ್ಳಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟರು. "ನನಗ ಬೇಕಾಗಿತ್ತು, ಖರೇ ಐತಿ. ಆದ್ರ ತಮ್ಮಾ, ಕೆಸರಿನ್ಯಾಗ ಬಿದ್ದಾಂವಗ ನೀ ಹೋಗಿ ಒರಸಿ ಕೊಡ್ತೀಯೇನು? ಏಳು. ಹನ್ನೊಂದಾಗೂದ್ರಾಗ ಹೋಗೂಣು."

ಕರ್ನಲ್ ಸಾಹೇಬರ ಕೋಣೆಯಲ್ಲಿ ನಾನೇ ಹೇಳಿದೆ. ಹವಾಲ್ದಾರರು ಮಧ್ಯೆ ಬಾಯಿ ಹಾಕಲಿಲ್ಲ, ಆದರೆ ನಾನು ಮುಗಿಸುವವರೆಗೂ ನನ್ನ ಪಕ್ಕದಲ್ಲಿ ಸಾವಧಾನ ಭಂಗಿಯಲ್ಲಿ ನಿಂತಿದ್ದರು. ಕರ್ನಲ್ ಸಾಹೇಬರು ನನ್ನನ್ನು ನೋಡಿದರು, ಅವರನ್ನು ನೋಡಿದರು, ಫೈಲಿನಲ್ಲಿ 'ತಾಂತ್ರಿಕ ಕಾರಣದಿಂದ ಮರುಪರೀಕ್ಷೆ' ಎಂದಷ್ಟೇ ಬರೆದರು. ನನ್ನ ನೌಕರಿ ಉಳಿಯಿತು.

ಅದೇ ಸಂಜೆ ಹವಾಲ್ದಾರರು ಮತ್ತೆ ಕೆಸರು ಕಲಸಿದರು. ಪಿಸ್ತೂಲುಗಳನ್ನು ಒಳಗಿಡುವ ಹೊತ್ತಿಗೆ ಬೀಗದ ಕೈಯನ್ನು ಅವರೇ ಇಟ್ಟುಕೊಳ್ಳುತ್ತಾರೆಂದು ನಾನು ಬದಿಗೆ ಸರಿದೆ. ಅವರು ಅದನ್ನು ನನ್ನ ಅಂಗೈಯಲ್ಲಿಟ್ಟು, ಚಪ್ಪಲಿ ಮೆಟ್ಟಿ ಮನೆಗೆ ನಡೆದರು. ಇಷ್ಟು ವರ್ಷ ಕಳೆದರೂ ಆ ಬೀಗದ ಕೈಯ ತೂಕ ನನಗೆ ಗೊತ್ತು.

ಮರುದಿನ ಒಂದನೆಯದು ಒಂಬತ್ತು ಹಾರಿಸಿತು. ಮೂರನೆಯದು ಒಂದೇ ಒಂದು. ಎರಡನೆಯ ಗುಂಡು ಸಿಕ್ಕಿಕೊಂಡಿತು. ಅವರು ಸ್ಲೈಡು ಎಳೆದರು. ನಿಯಮದ ಪ್ರಕಾರ ಮೂರು ಸಲ ಎಳೆಯಬಹುದು. ಮೂರನೆಯ ಸಲ ಬಹಳ ಮೆಲ್ಲಗೆ, ಮಲಗಿದ ಮಗುವನ್ನು ಎಬ್ಬಿಸುವವರ ಹಾಗೆ ಎಳೆದರು. ಬರಲಿಲ್ಲ. ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಅದರ ಮುಂದೆ ತಾವೇ 'ಫೇಲ್' ಎಂದು ಬರೆದರು.

ದಪ್ಪ ಹಿಡಿಯ ಒಂದನೇ ನಂಬರಿಗೆ ಶಿಫಾರಸು ಹೋಯಿತು. ಹಿಡಿಯನ್ನು ತೆಳ್ಳಗೆ ಮಾಡಿಸಬೇಕೆಂದು ಅವರು ಒಂದು ಟಿಪ್ಪಣಿ ಬರೆದು, ತಮ್ಮ ಅಂಗೈ ಪುಸ್ತಕವನ್ನೂ ಜೊತೆಗೆ ಕಟ್ಟಿ ಕಳಿಸಿದರು. ಉತ್ತರ ಬರಲಿಲ್ಲ, ಪುಸ್ತಕವೂ ಬರಲಿಲ್ಲ.

ಷೆಡ್ಡಿನಲ್ಲಿ ಬೇರೆಯೇ ಮಾತು ಹುಟ್ಟಿತು. ಮುದುಕ ತನ್ನ ಮೆಚ್ಚಿನ ಪಿಸ್ತೂಲಿಗೆ ಏನೋ ಕೈಚಳಕ ಮಾಡಲು ಹೋಗಿ ಸಿಕ್ಕಿಬಿದ್ದನಂತೆ, ಅದಕ್ಕೇ ಮರುಪರೀಕ್ಷೆಯಂತೆ ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು. ಆ ಮಾತು ಅವರ ಕಿವಿಗೂ ಬಿದ್ದಿತ್ತು. ಕರ್ನಲ್ ಸಾಹೇಬರ ಮುಂದೆ ಬಾಯಿ ಬಿಟ್ಟಿದ್ದ ನಾನು ಕ್ಯಾಂಟೀನಿನಲ್ಲಿ ಬಿಡಲಿಲ್ಲ. ಇವತ್ತು, ನಾಳೆ ಎನ್ನುತ್ತಿದ್ದಂತೆ ಅವರ ಅವಧಿ ಮುಗಿಯಿತು. ಹೌರಾದಲ್ಲಿ ರೈಲು ಹತ್ತಿಸಿದಾಗ ಕಿಟಕಿಯಿಂದ ಅವರು ಹೇಳಿದ್ದು ಭಾನುವಾರ ಉಪವಾಸ ಬೀಳಬೇಡ ಎಂದಷ್ಟೇ. ಕೆಲವು ವರ್ಷಗಳ ನಂತರ ಅವರ ಮಗಳ ಕಾರ್ಡು ಬಂತು. ಅಪ್ಪ ಹೋದರು, ನಿಮ್ಮನ್ನು ನೆನೆಯುತ್ತಿದ್ದರು... ಅದಕ್ಕೂ ನಾನು ಸಂತಾಪದ ನಾಲ್ಕು ಸಾಲು ಬರೆದೆನೇ ಹೊರತು ಇದನ್ನು ಬರೆಯಲಿಲ್ಲ.

ಮಿಸ್ತ್ರಿ ಹೋದ ಮೇಲೆ, ಹನ್ನೊಂದಕ್ಕೆ, ಮೇಜಿನ ಮುಂದೆ ಕೂತೆ. ಪಿಂಚಣಿದಾರರ ಸಂಘದವರು ಪ್ರತಿ ವರ್ಷ ಒಂದು ಸಂಚಿಕೆ ತರುತ್ತಾರೆ. ಈ ಸಲ ಹಳೆಯ ಪರೀಕ್ಷೆಗಳ ಬಗ್ಗೆ ನನ್ನಿಂದ ಎರಡು ಪುಟ ಕೇಳಿದ್ದರು. ಕಳಿಸಲು ಸಿದ್ಧವಿದ್ದ ಪ್ರತಿಯಲ್ಲಿ ನಾನೂ 'ತಾಂತ್ರಿಕ ಕಾರಣ' ಎಂದೇ ಬರೆದಿದ್ದೆ. ಅದನ್ನು ಹೊಡೆದುಹಾಕಿ, ಒರೆಸಿದವನು ನಾನು, ನನ್ನನ್ನು ಕರ್ನಲ್ ಸಾಹೇಬರ ಬಳಿ ಕರೆದೊಯ್ದವರು ಹವಾಲ್ದಾರರು, ತಮ್ಮ ಮೆಚ್ಚಿನದಕ್ಕೆ 'ಫೇಲ್' ಹಾಕಿದವರೂ ಅವರೇ ಎಂದು ಬರೆದೆ. ಕ್ಯಾಂಟೀನಿನಲ್ಲಿ ನಕ್ಕವರಲ್ಲಿ ಬದುಕಿರುವವರು ಈಗ ಮೂವರೋ ನಾಲ್ವರೋ. ಓದಬೇಕಾಗಿದ್ದವರು ಇಲ್ಲ. ಅವರು ಇದ್ದಾಗ ಕ್ಯಾಂಟೀನಿನಲ್ಲಿ ಇದನ್ನು ಹೇಳಲು ಒಂದು ಮಧ್ಯಾಹ್ನ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕಾಗಿತ್ತು.

ಹೆಂಡತಿ ಬಂದು ಪುಟಗಳನ್ನು ಓದಿದಳು. "ಹವಾಲ್ದಾರರ ಮಗಳಿಗೂ ಒಂದು ಪ್ರತಿ ಕಳಿಸಿ, ವಿಳಾಸ ಹಳೇ ಡೈರೀಲಿದೆ," ಎಂದಳು.

ಎರಡು ಲಕೋಟೆ ಅಂಟಿಸಿದೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅಂಚೆ ಕಚೇರಿಯ ಕಿಟಕಿಯಲ್ಲಿ ಎರಡನ್ನೂ ಕೊಟ್ಟು ರಸೀದಿ ತೆಗೆದುಕೊಂಡೆ.