ಮೀನಿಗೆ ಹತ್ತಿದ ಉಣ್ಣಿ

ನಮ್ಮ ಅತ್ತೆ ಆಯುಷ್ಯವನ್ನೆಲ್ಲ ಕುರಿಗಳ ಹಿಂದೆ ನಡೆದು ಕಳೆದವರು. ಮೊಣಕಾಲು ಕೈಕೊಟ್ಟ ಮೇಲೆ ಹಿಂಡು ಮಾರಿ, ಅಲಖನೂರಿನ ನಮ್ಮ ಕಬ್ಬಿನ ಹೊಲದ ಹೊಂಡಕ್ಕೆ ಮೀನಿನ ಮರಿ ಬಿಡಿಸಿದರು. ಆಮೇಲೆ ಬೆಳಗಾದರೂ ಹೊಂಡದ ದಂಡೆ, ಸಂಜೆಯಾದರೂ ಅದೇ ದಂಡೆ. ಬಾಯಲ್ಲಿ ತಂಬಾಕು, ಸೊಂಟದಲ್ಲಿ ತಂಬಾಕಿನ ಚೀಲ, ಚಂಚಿ. ನನ್ನ ತವರು ತಂಬಾಕಿನ ಊರು ನಿಪ್ಪಾಣಿ, ಹೀಗಾಗಿ ಆ ಚಂಚಿ ತುಂಬಿಸುವ ಹೊಣೆ ನನ್ನ ತಲೆಗೆ ಬಿದ್ದಿತ್ತು. ಬಿಡ್ರಿ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ಮೊದಲ ಚಳಿಗಾಲಕ್ಕೇ ಮರಿಗಳು ಮಂಕಾದವು. ಚಳಿಗೆ ಮೀನು ತಿನ್ನುವುದು ಕಡಿಮೆ ಎಂದು ನಮಗೂ ಗೊತ್ತಿತ್ತು. ಆದರೆ ಇವು ನೀರಿನ ಪೈಪಿಗೆ ಮೈ ಉಜ್ಜುತ್ತಿದ್ದವು, ಕೆಲವು ಸತ್ತು ತೇಲಿದವು. ನನ್ನ ಗಂಡ ಬಲೆಯಲ್ಲಿ ಒಂದನ್ನು ಎತ್ತಿ ತೋರಿಸಿದರು. ಎಳ್ಳುಕಾಳಿಗಿಂತ ತುಸು ದೊಡ್ಡದಾದ ಚಪ್ಪಟೆ ಹುಳಗಳು ರೆಕ್ಕೆಯ ಬುಡದಲ್ಲಿ ಕಚ್ಚಿ ಕೂತಿದ್ದವು.

"ಉಣ್ಣಿ ಹತ್ತ್ಯಾವಲೇ ನನ್ನ ಮಕ್ಕಳಿಗೆ!" ಅತ್ತೆ ಒಂದನ್ನು ಉಗುರಿನಿಂದ ಕಿತ್ತು ನೋಡಿದರು.

ದೊಡ್ಡ ಮೀನಾದರೆ ಹೇಗೋ ತಡೆದೀತು. ಮರಿಗಳ ಮೈಯಲ್ಲಿ ಇರುವ ಕೊಬ್ಬಾದರೂ ಎಷ್ಟು? ಚಳಿಗಾಲ ದಾಟುವ ತನಕ ಅದೇ ಅವುಗಳ ಬುತ್ತಿ. ಈ ಹಾಳು ಹುಳ ಆ ಬುತ್ತಿಗೇ ಬಾಯಿ ಹಾಕಿತ್ತು.

ಅತ್ತೆಗೆ ಮದ್ದು ಗೊತ್ತಿತ್ತು. ಕುರಿಗೆ ಉಣ್ಣಿಯಾದರೆ ತಂಬಾಕು ಕುದಿಸಿದ ನೀರಿನಲ್ಲಿ ಮೈ ತೊಳೆಯುವುದು ನಮ್ಮ ಮನೆತನದ ರೂಢಿ. ನಾನು ನಿಪ್ಪಾಣಿಯಿಂದ ಚೀಲ ತುಂಬ ತಂಬಾಕಿನ ಪುಡಿ ಹೊತ್ತು ತಂದೆ. ದೊಡ್ಡ ಹಂಡೆಯಲ್ಲಿ ಕುದಿಸಿದೆವು. ಆ ಘಾಟಿಗೆ ನನ್ನ ಗಂಡ ಸೀನುತ್ತ ಹೊಲ ದಾಟಿ ಓಡಿದರು.

ಹಂಡೆಯನ್ನು ಹೊಂಡಕ್ಕೆ ಬಗ್ಗಿಸುವುದೊಂದೇ ಬಾಕಿ. ಆಗ ಅತ್ತೆ ಕೈ ಅಡ್ಡ ಹಿಡಿದರು.

"ತಡಿ ಬೇ. ಹಿಂಡಿಗೆಲ್ಲಾ ಒಮ್ಮಿಗೇ ಮದ್ದ ಹಾಕೂದಿಲ್ಲ. ಮೊದಲ ಒಂದೆರಡಕ್ಕ ಹಾಕಿ ನೋಡೂದು."

ಇದೂ ಕುರಿಯವರ ರೂಢಿಯೇ. ಬಕೆಟ್ಟಿನಲ್ಲಿ ಹೊಂಡದ ನೀರು, ಎರಡು ಮರಿ, ಮೇಲೊಂದು ಲೋಟ ಆರಿದ ತಂಬಾಕಿನ ನೀರು. ಮರಿಗಳು ಒಮ್ಮೆ ಚಿಮ್ಮಿದವು, ಸುತ್ತಿದವು, ಹೊಟ್ಟೆ ಮೇಲೆ ಮಾಡಿದವು. ನಾನು ಬೇರೆ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊಂಡಕ್ಕೆ ಸುರಿದಿದ್ದರೆ? ಅತ್ತೆ ಬಕೆಟ್ಟನ್ನೇ ನೋಡುತ್ತ ಕೂತರು. ಹಂಡೆಯ ನೀರನ್ನು ದೂರದ ಬೀಳು ನೆಲದಲ್ಲಿ ಗುಂಡಿ ತೋಡಿ ಹಾಕಿದೆವು.

ಕೊನೆಗೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆವು. ಮರಿ ಕೊಟ್ಟವರಿಗೆ ಫೋನ್ ಹಚ್ಚಿ ಕೇಳಿದೆವು. ಮರಿಗಳನ್ನು ಸ್ವಲ್ಪ ಸ್ವಲ್ಪವಾಗಿ ಹಿಡಿದು ಉಪ್ಪುನೀರಿನಲ್ಲಿ ಅದ್ದಿ ಬಿಡಬೇಕು, ಹೊಂಡದೊಳಗೆ ಹಲಗೆ ಇಳಿಬಿಡಬೇಕು. ಹುಳ ಅದರ ಮೇಲೆ ಮೊಟ್ಟೆ ಇಡುತ್ತದೆ, ಆಗಾಗ ತೆಗೆದು ಬಿಸಿಲಿಗೆ ಒಣಗಿಸಬೇಕು ಅಂದರು. ಚಳಿಯಲ್ಲಿ ಮೊಣಕಾಲಿನ ನೋವು ಮರೆತು ಅತ್ತೆ ಎಲ್ಲ ಮಾಡಿದರು. ಆದರೂ ಕೆಲವು ಸತ್ತವು. ಉಳಿದವು ಎಷ್ಟೆಂದು ಕಾಣದ ಆ ಕೆಸರು ನೀರಿನ ಮೇಲೆ ನನಗೆ ಸಿಟ್ಟೇ ಬರುತ್ತಿತ್ತು.

ಶಿವರಾತ್ರಿ ಮುಗಿದು ಬಿಸಿಲು ಏರಿದ ಒಂದು ಬೆಳಿಗ್ಗೆ ಅತ್ತೆ ಕೂಗಿದರು. "ಬಾ ಬೇ, ಲಗೂನ ಬಾ! ಮ್ಯಾಲ ಬಂದಾವ ನೋಡ!"

ನೀರೆಲ್ಲ ಬಾಯಿ ಬಾಯಿ. ಬದುಕಿ ಉಳಿದ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತಿದ್ದವು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅತ್ತೆ ಸೊಂಟದ ಚಂಚಿ ಬಿಚ್ಚಿದರು. ಈ ಸಂತೋಷಕ್ಕೂ ತಂಬಾಕೇ ಬೇಕೇನು ಎಂದು ಬಾಯಿ ತೆರೆದವಳು ಹಾಗೆಯೇ ನಿಂತೆ. ಅವರ ಮುಷ್ಟಿಯಲ್ಲಿ ಬಂದದ್ದು ಮೀನಿಗೆ ಹಾಕುವ ಶೇಂಗಾ ಹಿಂಡಿ. ಚಂಚಿ ತುಂಬಿಸೆಂದು ಅವರು ತಿಂಗಳುಗಟ್ಟಲೆ ಕೇಳಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಅವತ್ತ ಬಕೀಟ್‌ನ್ಯಾಗ ನೋಡಿದ ಮ್ಯಾಲ ತಂಬಾಕ ಬಾಯಾಗ ಹಾಕಾಕ ಮನಸ ಆಗಲಿಲ್ಲ" ಎಂದು ಹಿಂಡಿಯನ್ನು ನೀರಿಗೆ ಎರಚಿದರು.