ಮಾಸ್ತರರ ಮನೆ ಮತ್ತು ನಮ್ಮ ನಾಲ್ಕು ಡಿಸ್ಕುಗಳು

ಡಿಸ್ಕು ಸಾಯುತ್ತದೆ. ಇದನ್ನು ನಾನು ಗಿರಾಕಿಗಳಿಗೆ ಮೊದಲ ದಿನವೇ ಹೇಳಿಬಿಡುತ್ತಿದ್ದೆ. ಸುಳ್ಳು ಹೇಳಿ ಆಮೇಲೆ ಮುಖ ತಪ್ಪಿಸಿಕೊಂಡು ತಿರುಗುವುದು ನನ್ನಿಂದಾಗದ ಕೆಲಸ. ಗದಗ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಪೇಟೆಯ ಒಂದು ಮಹಡಿಯಲ್ಲಿ ನಾನೂ ಚಾಚಾನೂ ಸೇರಿ ಊರವರ ವೆಬ್‌ಸೈಟುಗಳನ್ನು ಇಟ್ಟುಕೊಳ್ಳುವ ಅಂಗಡಿ ನಡೆಸುತ್ತಿದ್ದೆವು. ಬೆಟಗೇರಿಯ ಸೀರೆಯವರು, ಲಗ್ನಪತ್ರಿಕೆ ಅಚ್ಚು ಹಾಕುವವರು, ಮುಂಡರಗಿಯ ಬೀಜದಂಗಡಿಯವರು, ಎಲ್ಲರ ಪುಟಗಳೂ ನಮ್ಮ ಒಂದೇ ಸರ್ವರಿನಲ್ಲಿ ಸಂಸಾರ ಹೂಡಿದ್ದವು. ಚಾಚಾ ಲಕ್ಷ್ಮೇಶ್ವರದವರು, ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಕೈ. ನಮ್ಮಪ್ಪನ ರೇಡಿಯೋ ಕೆಟ್ಟಾಗಲೆಲ್ಲ ಬಂದು ಬಂದು ನಮ್ಮ ಮನೆಯವರೇ ಆಗಿಬಿಟ್ಟಿದ್ದರು.

ಆ ಸರ್ವರಿನಲ್ಲಿ ನಾಲ್ಕು ಡಿಸ್ಕು. ಒಂದು ಸತ್ತರೂ ಉಳಿದವು ಕಾಯುವ ಈ ಏರ್ಪಾಡಿಗೆ ರೇಡ್ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದಕ್ಕೆ ನಾನು ರೊಟ್ಟಿ ಹಿಡಿದು ಹೇಳುತ್ತಿದ್ದೆ. ಮೂರು ಬುಟ್ಟಿಯಲ್ಲಿ ರೊಟ್ಟಿ. ನಾಲ್ಕನೆಯದರಲ್ಲಿ, ಮೂರರಲ್ಲೂ ಸೇರಿ ಎಷ್ಟಿವೆ ಎಂಬ ಚೀಟಿ. ನಾಯಿ ಬಂದು ಒಂದು ಬುಟ್ಟಿ ಎಳೆದುಕೊಂಡು ಹೋಯಿತು ಅನ್ನಿ. ಚೀಟಿ ನೋಡಿ, ಉಳಿದೆರಡನ್ನು ಎಣಿಸಿದರೆ ಹೋದದ್ದರಲ್ಲಿ ಎಷ್ಟಿದ್ದವೆಂದು ಗೊತ್ತಾಗುತ್ತದೆ. ರೊಟ್ಟಿ ವಾಪಸು ಬರುವುದಿಲ್ಲ ನಿಜ, ಆದರೆ ಅಕ್ಷರ, ಚಿತ್ರ ಎಲ್ಲ ವಾಪಸು ಬರುತ್ತವೆ. ಒಮ್ಮೆ ಖರೆಯೇ ಒಂದು ಡಿಸ್ಕು ಸತ್ತು ಕೆಂಪು ದೀಪ ಹತ್ತಿತು. ಚಾಚಾ ನಡೆಯುತ್ತಿದ್ದ ಯಂತ್ರದಿಂದಲೇ ಅದನ್ನು ಎಳೆದು ಹೊಸದು ತುರುಕಿದರು. ಸಂಜೆಯೊಳಗೆ ಉಳಿದ ಮೂರೂ ಸೇರಿ ಅದನ್ನು ತುಂಬಿದ್ದವು, ಒಬ್ಬ ಗಿರಾಕಿಗೂ ಸುಳಿವು ಹತ್ತಲಿಲ್ಲ. ಅವತ್ತಿನಿಂದ ನನಗೆ ಸ್ವಲ್ಪ ಕೊಬ್ಬು ಬಂದಿತ್ತು ಅಂತಲೇ ಹೇಳಬೇಕು.

ಆಗ ಬಂದವರು ಹಮ್ಮಿಗಿ ಕಡೆಯ ಒಬ್ಬ ನಿವೃತ್ತ ಮಾಸ್ತರು. ಹೊಳೆಯ ಹಿನ್ನೀರು ಬರುತ್ತದೆಂದು ಅವರ ಊರು ಮೇಲಕ್ಕೆ ಸರಿಯುವುದರಲ್ಲಿತ್ತು. ಸರಿಯುವ ಮೊದಲು ಒಂದೊಂದು ಮನೆಯ ಬಾಗಿಲನ್ನೂ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕುವ ಹಟ ಹಿಡಿದಿದ್ದರು. ಕ್ಯಾಮೆರಾ ತುಂಬಿದ ಕೂಡಲೇ ಬಸ್ಸು ಹತ್ತಿ ನಮ್ಮಲ್ಲಿಗೆ ಬರುತ್ತಿದ್ದರು.

"ಇದರಾಗಿನವು ಅಳಸಲೇನ್ರಿ? ಜಾಗಾ ಇಲ್ಲ," ಎಂದು ಪ್ರತಿಸಲ ಕೇಳುವರು.

"ಅಳಸ್ರಿ ಮಾಸ್ತರ. ನಮ್ಮಲ್ಲಿ ನಾಕು ಡಿಸ್ಕಿನಾಗ ಇರತಾವ, ಏನೂ ಆಗಂಗಿಲ್ಲ," ಎಂದು ಪ್ರತಿಸಲ ಹೇಳಿದವಳು ನಾನೇ.

ಕೊನೆಯ ಫೋಟೋ ಅವರದೇ ಮನೆಯ ಬಾಗಿಲು. ಹೊಸ್ತಿಲ ಮೇಲೆ ಅವರ ಹೆಂಡತಿ, ಜೋಳದ ಹಿಟ್ಟು ಮೆತ್ತಿದ ಕೈ ಅಡ್ಡ ಹಿಡಿದು ಗಂಡನನ್ನು ಬೈಯುತ್ತಿದ್ದಾರೆ. ಊರು ಸರಿದ ಮರುವರ್ಷ ಆ ತಾಯಿ ತೀರಿಕೊಂಡರು. ಲಗ್ನದ ಫೋಟೋ ಬಿಟ್ಟರೆ ಅವರದಿದ್ದದ್ದು ಅದೊಂದೇ. ಆಮೇಲೆ ಮಾಸ್ತರು ಗದಗಿಗೆ ಬಂದಾಗಲೆಲ್ಲ ಮಹಡಿ ಹತ್ತಿ, "ಒಂಚೂರು ನಮ್ಮ ಮನಿ ತೋರಸ್ರಿ," ಎನ್ನುವರು. ತೋರಿಸಿದರೆ ಚಹಾ ಆರುವತನಕ ಸುಮ್ಮನೆ ನೋಡುವರು.

ಆ ವರ್ಷ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಚಾಚಾ ಊರಿಗೆ ಹೋಗಿದ್ದರು. ಅವ್ವ ಕುಂಕುಮದ ಬಟ್ಟಲು ಹಿಡಿದು ಅಂಗಡಿಗೆ ಬಂದಳು. ನಾನು ಸರ್ವರ್ ಆರಿಸಿ ಪೆಟ್ಟಿಗೆ ಮುಂದಿಟ್ಟೆ.

"ಅಯ್ಯ, ಬರೇ ಪೆಟಗಿಗೆ ಹಚ್ಚಿದ್ರ ಒಳಗಿನವಕ್ಕ ಮುಟ್ಟತೈತೇನ? ನಿಮ್ಮಪ್ಪಾರು ಟೈಪ್‌ರೈಟರ್ ಪೂರಾ ಬಿಚ್ಚಿ ಇಡತಿದ್ರು!"

ನನಗೂ ಅವಳ ಮುಂದೆ ಜಂಬ ಕೊಚ್ಚುವ ಚಟ. ನಾಲ್ಕೂ ಡಿಸ್ಕುಗಳನ್ನು ಪಟಪಟ ಎಳೆದು ಮಣೆಯ ಮೇಲಿಟ್ಟೆ. ಅವ್ವ ಅಪ್ಪನ ಹಳೇ ಧೋತರದ ತುಂಡಿನಿಂದ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಒಂದೊಂದಕ್ಕೂ ಚೆಂಡುಹೂ ಏರಿಸಿದಳು. ಆರತಿಯಾಯಿತು, ಕಾಯಿ ಒಡೆದದ್ದಾಯಿತು. ಯಾವುದು ಯಾವ ಗೂಡಿನಲ್ಲಿತ್ತೆಂದು ನೋಡದೆ ನಾಲ್ಕನ್ನೂ ವಾಪಸು ತುರುಕಿ ಸ್ವಿಚ್ ಒತ್ತಿದೆ.

ಹಳೆಯ ಜೋಡಣೆ ಸಿಗುತ್ತಿಲ್ಲ, ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಲೇ ಎಂದು ಪರದೆ ಕೇಳಿತು. ಬುಟ್ಟಿಗಳು ಅದಲುಬದಲಾಗಿದ್ದವು. ನಮ್ಮ ಯಂತ್ರ ಹಳೇ ಕಾಲದ್ದು, ಚೀಟಿ ಯಾವುದು, ರೊಟ್ಟಿ ಯಾವುದು ಎಂದು ಗೂಡು ನೋಡಿಯೇ ತಿಳಿಯುವಂಥದ್ದು.

"ಎಲ್ಲಾ ನಿನ್ನಿಂದನ ಆತು ನೋಡಬೇ!" ಎಂದು ಅವ್ವನ ಮೇಲೆ ಹರಿಹಾಯ್ದೆ.

"ಕಿತ್ತಾಕಿ ನೀನು. ನಾ ಏನ ಕೈ ಹಾಕೇನೇನ?" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ನಾಲ್ಕನ್ನು ಜೋಡಿಸಲು ಇಪ್ಪತ್ನಾಲ್ಕು ಬಗೆ. ತಪ್ಪು ಜೋಡಿಸಿ ಒಂದು ಗುಂಡಿ ಒತ್ತಿದರೆ ಸಾಕು, ಯಂತ್ರ ತನ್ನಷ್ಟಕ್ಕೆ ತಿದ್ದಲು ಹೋಗಿ ಎಲ್ಲವನ್ನೂ ಹಾಳುಮಾಡಬಹುದು. ಸೀರೆಯವರದು ಹೋದರೆ ಮತ್ತೆ ಫೋಟೋ ತೆಗೆಯಬಹುದಿತ್ತು. ಆ ಹೊಸ್ತಿಲು ಈಗ ನೀರಿನಡಿ, ಆ ತಾಯಿ ಇಲ್ಲ. ಅದರ ಮೇಲೆ, ಮರುದಿನ ಬನ್ನಿ ಕೊಡಲು ಮಾಸ್ತರು ಬರುವುದು ವಾಡಿಕೆ. ಚಾಚಾಗೆ ಫೋನ್ ಹಚ್ಚಿದೆ.

"ಗುಂಡಿ ಒತ್ತೀ ಏನ?" ಅದೊಂದೇ ಕೇಳಿದರು.

"ಇಲ್ಲ ಚಾಚಾ."

"ಸ್ವಿಚ್ ಆರಸು. ಕೈ ಕಟಗೊಂಡ ಕುಂಡ್ರು. ಮುಂಜಾನಿ ಮೊದಲ್ನೇ ಬಸ್ಸಿಗೆ ಬರತೀನಿ."

ಬಂದರು. ಕುಂಕುಮ ಮೆತ್ತಿದ ಡಿಸ್ಕುಗಳನ್ನು ನೋಡಿ, "ಮದುಮಕ್ಕಳಂಗ ಕಾಣತಾವಲ್ಲ ಬೇಟಾ!" ಎಂದು ನಕ್ಕರು. ನನಗೆ ಮೈ ಪರಚಿಕೊಳ್ಳುವಂತಾಗಿತ್ತು, ಇವರಿಗೆ ನಗು! ಆಮೇಲೆ ಒಂದೊಂದನ್ನೂ ಬೋರಲು ಹಿಡಿದು, ಚೌಕಟ್ಟಿನ ಅಂಚಿಗೆ ಹೆಬ್ಬೆರಳ ಉಗುರು ಆಡಿಸಿದರು. ಕಣ್ಣಿಗೆ ಬೀಳದಷ್ಟು ಸಣ್ಣ ಕಚ್ಚು. ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಹಾಗೆ ನಾಲ್ಕರತನಕ. ತಂದ ದಿನವೇ ಅರದಿಂದ ಉಜ್ಜಿ ಇಟ್ಟಿದ್ದರಂತೆ. ಸತ್ತದ್ದರ ಬದಲು ಹಾಕಿದ ಹೊಸದಕ್ಕೂ ಮರೆತಿರಲಿಲ್ಲ.

"ಬಿಚ್ಚೂಕಿಂತ ಮೊದಲ ಗುರುತು ಮಾಡಬೇಕು. ಉಸ್ತಾದರ ಹತ್ರ ಹೊಡತ ತಿಂದು ಕಲತದ್ದು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನಗತಿದ್ದಿ."

ಹೌದು, ನಗುತ್ತಿದ್ದೆ. ನಾಲ್ಕೂ ತಮ್ಮ ತಮ್ಮ ಗೂಡು ಸೇರಿದವು. ನಾಲ್ಕು ಹಸಿರು ದೀಪ ಹತ್ತಿದವು. ಮಾಸ್ತರರ ಪುಟ ತೆರೆದೆ. ಫೋಟೋ ಮೇಲಿನಿಂದ ಮೂಡತೊಡಗಿತು. ಮೊದಲು ಮನೆಯ ಮಾಡು, ಆಮೇಲೆ ಬಾಗಿಲ ಪಟ್ಟಿ, ಆಮೇಲೆ ಹಿಟ್ಟಿನ ಕೈ. ನಾನು ಗಳಗಳ ಅತ್ತುಬಿಟ್ಟೆ. ಚಾಚಾ ಕಾಣದವರಂತೆ ಕಿಟಕಿ ಕಡೆ ತಿರುಗಿ ನಿಂತರು.

ಮಧ್ಯಾಹ್ನ ಮಾಸ್ತರು ಬಂದು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ," ಎಂದು ಎಲೆ ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಪರದೆಯನ್ನು ನೋಡುತ್ತ ಒಂದೇ ಮಾತು ಕೇಳಿದರು. "ನಾಕೂ ಒಂದ ಪೆಟಗ್ಯಾಗ ಅದಾವಲ್ರಿ. ಈ ಖೋಲಿಗೆ ಬೆಂಕಿ ಬಿದ್ರ?"

ಡಿಸ್ಕು ಸತ್ತರೆ ಏನು ಮಾಡಬೇಕೆಂದು ಊರಿಗೆಲ್ಲ ಹೇಳಿದವಳು ನಾನು, ನನ್ನ ಕೈಯೇ ತಪ್ಪಿದರೆ, ಖೋಲಿಯೇ ಸುಟ್ಟರೆ ಏನು ಗತಿ ಎಂದು ಯೋಚಿಸಿರಲಿಲ್ಲ.

ಅವತ್ತೇ ಬೇರೆ ಡಿಸ್ಕಿಗೆ ಎಲ್ಲದರ ಇನ್ನೊಂದು ಪ್ರತಿ ಇಳಿಸಿದೆ. ಚಾಚಾ ಶುಕ್ರವಾರದ ನಮಾಜಿಗೆ ಹೇಗೂ ಊರಿಗೆ ಹೋಗುವವರು. ಚಾಚಿಯ ಹಳೇ ದುಪಟ್ಟಾದಲ್ಲಿ ಸುತ್ತಿ, ಬುತ್ತಿಯ ಚೀಲದಲ್ಲಿಟ್ಟುಕೊಂಡು ಅದನ್ನು ಲಕ್ಷ್ಮೇಶ್ವರಕ್ಕೆ ಒಯ್ದರು. ಮುಟ್ಟಿದ ಕೂಡಲೇ ಫೋನ್ ಮಾಡಿದರು.

"ನಾ ಮುಟ್ಟೀನಿ ಬೇಟಾ. ಮಾಸ್ತರ ಮನ್ಯಾಗಿನವರೂ ಆರಾಮ ಮುಟ್ಟ್ಯಾರಂತ ಹೇಳು."

ಮಾಸ್ತರಿಗೆ ಫೋನ್ ಹಚ್ಚಿ ಹಾಗೇ ಹೇಳಿದೆ.

"ದಾರ್ಯಾಗ ಬೈಲಿಲ್ಲೇನ್ರಿ?" ಎಂದು ಕೇಳಿದರು.